ದಕ್ಷಿಣ ಏಷ್ಯದ ಕಾಲ್ಚೆಂಡು ಮಂಡಲಿಯೂ ಅದರ ರಾಷ್ಟ್ರ ತಂಡಗಳೂ

ವೃತ್ತಪತ್ರಿಕೆಗಳ ಆಟದ ಪುಟದಲ್ಲಿ ‘ಸ್ಯಾಫ್’ ಎಂಬ ಚಿಕ್ಕ ಹೆಸರು ಆಗಾಗ ಕಾಣಬರುತ್ತದೆ. ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿನಿಯರು ಅದನ್ನು ಓದುವುದುಂಟು. ಆದರೆ ಭಾರತವು ಗೆದ್ದಿತೋ ಸೋತಿತೋ ಎಂಬಷ್ಟನ್ನೇ ನೋಡಿ ಪುಟವನ್ನು ಮಗುಚಿಬಿಡುತ್ತಾರೆ. ಆ ಹೆಸರಿನ ಹಿಂದೆ ಇರುವ ಏರ್ಪಾಡನ್ನು ತಿಳಿದುಕೊಂಡರೆ ಭೂಗೋಳದ ಪಾಠಕ್ಕೂ ಪೌರನೀತಿಯ ಪಾಠಕ್ಕೂ ಒಂದಿಷ್ಟು ಪ್ರಯೋಜನವಾದೀತು. ಒಂದು ತಂಡವನ್ನು ‘ಇದು ಈ ದೇಶದ ತಂಡ’ ಎಂದು ಕರೆಯುವ ಅಧಿಕಾರ ಯಾರಿಗುಂಟು? ಹನ್ನೊಂದು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಸಾಲಾಗಿ ನಿಂತ ಮಾತ್ರಕ್ಕೆ ಅವರು ರಾಷ್ಟ್ರದ ತಂಡವಾಗುವರೋ? ಈ ಪ್ರಶ್ನೆ ನೋಡುವುದಕ್ಕೆ ಚಿಕ್ಕದಾದರೂ, ಇದರ ಉತ್ತರವು ಹೆಣ್ಣುಮಕ್ಕಳ ಆಟಕ್ಕೆ ಬಹಳ ಸಮೀಪವಾದದ್ದು. ಆದಕಾರಣ ಅದನ್ನು ಸ್ವಲ್ಪ ಬಿಡಿಸಿ ಹೇಳಲು ಯತ್ನಿಸುವೆನು.

ಮೊದಲು ಏಣಿಯ ಮೆಟ್ಟಲುಗಳನ್ನು ನೋಡೋಣ. ಊರಿನ ಆಟದ ಸಂಘವು ಜಿಲ್ಲೆಯ ಸಂಸ್ಥೆಗೂ, ಜಿಲ್ಲೆಯದು ರಾಜ್ಯದ ಸಂಸ್ಥೆಗೂ, ರಾಜ್ಯದ್ದು ದೇಶದ ಸಂಸ್ಥೆಗೂ ಸೇರಿರುತ್ತದೆ. ನಮ್ಮ ದೇಶದಲ್ಲಿ ಆ ದೊಡ್ಡ ಸಂಸ್ಥೆಯು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್. ಅದು 1937ರಲ್ಲಿ ಸಿಮ್ಲಾದಲ್ಲಿ ಸ್ಥಾಪಿಸಲ್ಪಟ್ಟಿತು. ಎಲ್ಲಕ್ಕಿಂತ ಮೇಲಿನ ಮೆಟ್ಟಲಲ್ಲಿ 1904ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿದ ‘ಫಿಫಾ’ ಎಂಬ ಲೋಕಸಂಸ್ಥೆ ಇದೆ. ಅದಕ್ಕೆ 211 ಸದಸ್ಯ ಸಂಸ್ಥೆಗಳು. ಇವೆರಡರ ನಡುವೆ ಖಂಡಕ್ಕೊಂದರಂತೆ ಆರು ಮಹಾಮಂಡಲಿಗಳುಂಟು. ಏಷ್ಯದ ಮಹಾಮಂಡಲಿಯು 1954ರಲ್ಲಿ ಮನಿಲಾದಲ್ಲಿ ಆರಂಭವಾಯಿತು. ಭಾರತವು ಅದರ ಮೂಲ ಸದಸ್ಯರಲ್ಲೊಂದು. ಆದರೆ ಏಷ್ಯವು ಲೆಬನಾನಿನಿಂದ ಜಪಾನಿನ ಪರಿಯಂತರ ಹಬ್ಬಿರುವ ಖಂಡ. ಅಷ್ಟು ದೊಡ್ಡ ಮನೆಗೆ ಒಂದೇ ಅಡಿಗೆಮನೆ ಸಾಲದು. ಆದುದರಿಂದ ಅದರೊಳಗೆ ಐದು ಪ್ರಾಂತೀಯ ಮಂಡಲಿಗಳು ಏರ್ಪಟ್ಟವು. ದಕ್ಷಿಣ ಏಷ್ಯದ ಫುಟ್‌ಬಾಲ್ ಫೆಡರೇಶನ್, ಎಂದರೆ ‘ಸ್ಯಾಫ್’, ಅವುಗಳಲ್ಲೊಂದು.

ಈ ಮಂಡಲಿಯ ವಿಷಯದಲ್ಲಿ ಒಂದು ವಿಚಿತ್ರವೇನೆಂದರೆ, ಕೂಸು ಹುಟ್ಟುವುದಕ್ಕೆ ಮೊದಲೇ ಕುಲಾವಿ ಸಿದ್ಧವಾಗಿತ್ತು. ಮೊದಲನೆಯ ಪಂದ್ಯಾವಳಿ 1993ರಲ್ಲಿ ಲಾಹೋರಿನಲ್ಲಿ ನಡೆಯಿತು. ಮಂಡಲಿಯು ಹುಟ್ಟಿದ್ದು 1997ರಲ್ಲಿ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ, ಮಾಲ್ಡೀವ್ಸ್ ಎಂಬ ಆರು ದೇಶಗಳ ಸಂಸ್ಥೆಗಳು ಕೂಡಿ ಅದನ್ನು ಕಟ್ಟಿದವು. 2000ದಲ್ಲಿ ಭೂತಾನವು ಬಂದು ಸೇರಿತು. ಆಫ್ಘಾನಿಸ್ತಾನವು 2005ರಲ್ಲಿ ಸೇರಿ, 2015ರಲ್ಲಿ ಮಧ್ಯ ಏಷ್ಯದವರ ಮಂಡಲಿಗೆ ಹೊರಟುಹೋಯಿತು. ಹೀಗೆ ಏಳು ಸದಸ್ಯರು ಉಳಿದರು. ಮಂಡಲಿಯ ಕಚೇರಿ ಢಾಕಾ ನಗರದಲ್ಲಿದೆ.

ಈ ಏಳು ಮಂದಿ ನೆರೆಯವರು ಗಾತ್ರದಲ್ಲಿ ಎಷ್ಟು ಅಸಮಾನರೆಂಬುದನ್ನು ನಕ್ಷೆಯ ಮುಂದೆ ನಿಂತು ಯೋಚಿಸಬೇಕು. ಭಾರತದ ಜನಸಂಖ್ಯೆ 140 ಕೋಟಿಯನ್ನು ಮೀರಿದೆ. ಮಾಲ್ಡೀವ್ಸ್ ದ್ವೀಪಗಳದು ಸುಮಾರು 5 ಲಕ್ಷ. ಭೂತಾನದ್ದು 8 ಲಕ್ಷಕ್ಕೂ ಕಡಮೆ. ಆದರೆ ಮೈದಾನದಲ್ಲಿ ಎಲ್ಲರಿಗೂ ಹನ್ನೊಂದೇ ಮಂದಿ. ಗಂಡಸರ ಪಂದ್ಯಾವಳಿಯು 2023ರ ವರೆಗೆ ಹದಿನಾಲ್ಕು ಸಲ ನಡೆದು, ಭಾರತವು ಒಂಬತ್ತು ಸಲ ಗೆದ್ದಿತೆಂಬುದು ನಿಜ. ಹಾಗೆಂದು ಚಿಕ್ಕವರು ಸುಮ್ಮನೆ ತಲೆ ತಗ್ಗಿಸಿದರೆಂದು ತಿಳಿಯಬಾರದು. ಮಾಲ್ಡೀವ್ಸ್‌ನವರು 2008ರಲ್ಲಿ 1-0ಯಿಂದಲೂ 2018ರಲ್ಲಿ 2-1ರಿಂದಲೂ ಅಂತಿಮ ಪಂದ್ಯದಲ್ಲಿ ಭಾರತವನ್ನೇ ಸೋಲಿಸಿದರು. ಒಂದು ದೊಡ್ಡ ಪಟ್ಟಣದಷ್ಟು ಜನರಿಲ್ಲದ ದ್ವೀಪರಾಜ್ಯವು ಹೀಗೆ ಎರಡು ಸಲ ಮಾಡಿತೆಂಬುದನ್ನು ನಾನು ತರಗತಿಯಲ್ಲಿ ಹೇಳಿದರೆ ಹುಡುಗಿಯರು ಮೊದಲು ನಂಬುವುದಿಲ್ಲ. ಆಮೇಲೆ ನಕ್ಷೆಯಲ್ಲಿ ಮಾಲೆ ನಗರವನ್ನು ಹುಡುಕುತ್ತಾರೆ.

ಭೂತಾನದ ಕಥೆಯು ಇದಕ್ಕಿಂತಲೂ ಕೇಳತಕ್ಕದ್ದು. 2000ದಲ್ಲಿ ಅವರು ಏಷ್ಯದ ಅರ್ಹತಾ ಪಂದ್ಯದಲ್ಲಿ ಕುವೈತಿನ ಎದುರು 20-0ಯಿಂದ ಸೋತರು. ತೊಂಬತ್ತು ನಿಮಿಷಗಳಲ್ಲಿ ಇಪ್ಪತ್ತು ಗೋಲುಗಳು! ಎರಡು ವರ್ಷಗಳ ತರುವಾಯ, 2002ನೆಯ ಜೂನ್ 30ರಂದು, ಜಪಾನಿನಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆದ ದಿನದಲ್ಲಿಯೇ, ಥಿಂಪುವಿನಲ್ಲಿ ಮತ್ತೊಂದು ‘ಅಂತಿಮ ಪಂದ್ಯ’ ನಡೆಯಿತು. ಲೋಕದ ಪಟ್ಟಿಯಲ್ಲಿ ಕಟ್ಟಕಡೆಯ ಎರಡು ಸ್ಥಾನಗಳಲ್ಲಿದ್ದ ಭೂತಾನಕ್ಕೂ ಕೆರಿಬಿಯನ್ ಸಮುದ್ರದ ಮಾಂಟ್ಸೆರಟ್ ದ್ವೀಪಕ್ಕೂ ಅದು ಏರ್ಪಡಿಸಲ್ಪಟ್ಟಿತ್ತು. ಭೂತಾನವು 4-0ಯಿಂದ ಗೆದ್ದಿತು. 2015ರ ಮಾರ್ಚಿಯಲ್ಲಿ ಅವರು ಮೊದಲನೆಯ ಬಾರಿಗೆ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಿಗೆ ಇಳಿದು, ಕೊಲಂಬೋದಲ್ಲಿ 1-0ಯಿಂದಲೂ ಥಿಂಪುವಿನಲ್ಲಿ 2-1ರಿಂದಲೂ ಶ್ರೀಲಂಕಾವನ್ನು ಸೋಲಿಸಿದರು. ಥಿಂಪುವಿನ ಎರಡು ಗೋಲುಗಳನ್ನೂ ಚೆಂಚೋ ಗ್ಯೆಲ್ತ್‌ಷೆನ್ ಎಂಬ ಆಟಗಾರನೇ ಹೊಡೆದನು. ಮುಂದಿನ ಸುತ್ತಿನಲ್ಲಿ ಅವರು ಸೋಲುತ್ತಲೇ ಹೋದರು; ಅದು ಬೇರೆ ಮಾತು.

ಸೋಲುತ್ತಿದ್ದರೂ ಆಡುವುದಕ್ಕೆ ಎದುರಾಳಿ ಬೇಕಲ್ಲವೇ? ಪ್ರಾಂತೀಯ ಮಂಡಲಿಯ ಮುಖ್ಯ ಉಪಯೋಗ ಅಲ್ಲಿದೆ. ಬಲಿಷ್ಠ ದೇಶಗಳು ದುರ್ಬಲರೊಡನೆ ಆಡಲು ತಾವಾಗಿ ಬರುವುದಿಲ್ಲ. ದೂರ ದೇಶಕ್ಕೆ ಪ್ರಯಾಣ ಮಾಡಲು ಬಡ ಸಂಸ್ಥೆಗಳ ಬಳಿ ಹಣವಿರುವುದಿಲ್ಲ. ಪಂದ್ಯವಿಲ್ಲದಿದ್ದರೆ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದರೆ ತಂಡ ಚದರುತ್ತದೆ. ನೆರೆಯವರೊಳಗೆ ಎರಡು ವರ್ಷಗಳಿಗೊಮ್ಮೆಯಾದರೂ ಒಂದು ಪಂದ್ಯಾವಳಿ ತಪ್ಪದೆ ನಡೆಯುವಂತಿದ್ದರೆ, ‘ಆ ದಿನಕ್ಕೆ ಸಿದ್ಧರಾಗಬೇಕು’ ಎಂಬ ಗುರಿಯಾದರೂ ಉಳಿಯುತ್ತದೆ. ಪರೀಕ್ಷೆಯ ತಾರೀಕು ಗೊತ್ತಿಲ್ಲದ ಶಾಲೆಯಲ್ಲಿ ಯಾವ ಹುಡುಗಿ ತಾನೇ ಪುಸ್ತಕ ತೆರೆದಾಳು?

2023ರಲ್ಲಿ ಈ ಪಂದ್ಯಾವಳಿಯು ನಮ್ಮ ಬೆಂಗಳೂರಿಗೇ ಬಂತು. ಜೂನ್ 21ರಿಂದ ಜುಲೈ 4ರ ವರೆಗೆ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯಗಳು ನಡೆದವು. ದಕ್ಷಿಣ ಏಷ್ಯದವರಲ್ಲದ ಕುವೈತ್, ಲೆಬನಾನ್ ದೇಶಗಳನ್ನು ಅತಿಥಿಗಳಾಗಿ ಕರೆದು ಎಂಟು ತಂಡಗಳನ್ನು ಪೂರೈಸಿದ್ದರು. ಪಾಕಿಸ್ತಾನದ ತಂಡಕ್ಕೆ ರಹದಾರಿಯ ತೊಡಕು ಉಂಟಾಗಿ, ಅವರು ಬೆಂಗಳೂರನ್ನು ಮುಟ್ಟಿದ್ದು ಪಂದ್ಯದ ದಿನವೇ. ಅದೇ ಸಂಜೆ ಮಳೆಯಲ್ಲಿ ಭಾರತದ ಎದುರು ಆಡಿ 4-0ಯಿಂದ ಸೋತರು. ಪ್ರಯಾಣದ ಆಯಾಸ ತೀರದವರನ್ನು ಗೆದ್ದದ್ದರಲ್ಲಿ ಅಷ್ಟೊಂದು ಹೆಮ್ಮೆಪಡುವುದೇನಿದೆ ಎಂದು ನನಗೆ ಅನಿಸಿತು. ಆದರೆ ಅಂತಿಮ ಪಂದ್ಯವು ನಿಜವಾಗಿಯೂ ಕಠಿನವಾದದ್ದು. ಕುವೈತ್ ಮತ್ತು ಭಾರತ 1-1ರಲ್ಲಿ ಸರಿಸಮವಾಗಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಭಾರತವು 5-4ರಿಂದ ಗೆದ್ದಿತು. ಕೊನೆಯ ಒದೆತವನ್ನು ತಡೆದವನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು.

ಬೆಂಗಳೂರಿಗೆ ಶ್ರೀಲಂಕಾದ ತಂಡ ಬರಲಿಲ್ಲ. ಅವರ ಸಂಸ್ಥೆಯನ್ನು ಫಿಫಾ ಆ ವರ್ಷದ ಜನವರಿಯಲ್ಲಿ ಅಮಾನತಿನಲ್ಲಿಟ್ಟಿತ್ತು. ಇಲ್ಲಿ ನಾನು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕುತ್ತದೆ. ರಾಷ್ಟ್ರದ ತಂಡವನ್ನು ಕಳುಹಿಸುವುದು ಸರಕಾರವಲ್ಲ. ಫಿಫಾದ ಮನ್ನಣೆ ಹೊಂದಿದ ಆ ದೇಶದ ಸಂಸ್ಥೆಯೇ ಕಳುಹಿಸತಕ್ಕದ್ದು. ಆ ಸಂಸ್ಥೆಯು ತನ್ನ ಆಡಳಿತವನ್ನು ತಾನೇ ನಡೆಯಿಸಬೇಕು, ಹೊರಗಿನವರ ಕೈ ಅದರಲ್ಲಿ ಸೇರಕೂಡದು ಎಂಬುದು ನಿಯಮ. ನಿಯಮ ತಪ್ಪಿತೆಂದು ಫಿಫಾ ತೀರ್ಮಾನಿಸಿದರೆ ಮನ್ನಣೆ ನಿಲ್ಲುತ್ತದೆ. ಮನ್ನಣೆ ನಿಂತೊಡನೆ ಆ ದೇಶದ ಎಲ್ಲ ತಂಡಗಳೂ ಹೊರಗೆ ನಿಲ್ಲುತ್ತವೆ. ಅಧಿಕಾರಿಗಳ ಜಗಳದಲ್ಲಿ ಪಾಲಿಲ್ಲದ ಆಟಗಾರರಿಗೂ ಅದೇ ಶಿಕ್ಷೆ.

ಈ ಶಿಕ್ಷೆ ನಮಗೂ ಆಗಿದೆ. 2022ನೆಯ ಆಗಸ್ಟಿನಲ್ಲಿ ಭಾರತದ ಫೆಡರೇಶನ್ ಹನ್ನೊಂದು ದಿನಗಳ ಕಾಲ ಅಮಾನತಿನಲ್ಲಿತ್ತು. ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯದೆ, ಸುಪ್ರೀಂ ಕೋರ್ಟು ನೇಮಿಸಿದ ಸಮಿತಿಯೊಂದು ಆಡಳಿತವನ್ನು ನೋಡಿಕೊಳ್ಳುತ್ತಿತ್ತು. ಅದನ್ನು ಫಿಫಾ ಹೊರಗಿನ ಕೈಯೆಂದು ಎಣಿಸಿತು. ಆ ವಾರದಲ್ಲಿ ಕೇರಳದ ಗೋಕುಲಂ ಸಂಘದ ಮಹಿಳಾ ತಂಡವು ಏಷ್ಯದ ಸಂಘಗಳ ಪಂದ್ಯಾವಳಿಗೆಂದು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋಗಿ ಇಳಿದಿತ್ತು. ಅವರು ಒಂದು ಪಂದ್ಯವನ್ನೂ ಆಡದೆ ಹಿಂದಿರುಗಬೇಕಾಯಿತು. ಅಕ್ಟೋಬರಿನಲ್ಲಿ ಭಾರತದಲ್ಲಿ ನಡೆಯಬೇಕಾಗಿದ್ದ ಹದಿನೇಳು ವರ್ಷದೊಳಗಿನ ಬಾಲೆಯರ ವಿಶ್ವಕಪ್ಪು ಕೂಡ ಕೈತಪ್ಪುವುದರಲ್ಲಿತ್ತು. ಅಮಾನತು ತೆಗೆಯಲ್ಪಟ್ಟುದರಿಂದ ಹೇಗೋ ನಡೆಯಿತು. ದೊಡ್ಡವರ ಮೇಜಿನ ಸುತ್ತ ವ್ಯಾಜ್ಯವಾದಾಗ ಮೊದಲು ಬಾಗಿಲು ಮುಚ್ಚುವುದು ಹೆಣ್ಣುಮಕ್ಕಳಿಗೆ ಎಂಬುದನ್ನು ನಮ್ಮ ವೃತ್ತಿಯಲ್ಲಿರುವವರು ಬೇರೆ ಕಡೆಗಳಲ್ಲಿಯೂ ನೋಡಿದ್ದೇವೆ.

ಬೆಂಗಳೂರಿನಲ್ಲಿ ಪಾಕಿಸ್ತಾನದ ಮೇಲೆ ಮೂರು ಗೋಲುಗಳನ್ನು ಹೊಡೆದ ಭಾರತದ ನಾಯಕ ಸುನಿಲ್ ಛೇತ್ರಿಯನ್ನು ಎಲ್ಲರೂ ಬಲ್ಲರು. ಆತನ ತಾಯಿಯೂ ತಾಯಿಯ ಅವಳಿ ಸಹೋದರಿಯೂ ನೇಪಾಳದ ಮಹಿಳಾ ತಂಡದಲ್ಲಿ ಆಡಿದವರೆಂಬುದನ್ನು ಬಲ್ಲವರು ಕಡಮೆ. ಹೆಂಗಸರ ಕಾಲ್ಚೆಂಡಾಟವು ನಮ್ಮ ಭಾಗದಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಭಾರತದಲ್ಲಿ 1975ರಷ್ಟು ಹಿಂದೆಯೇ ಅದಕ್ಕೆ ಪ್ರತ್ಯೇಕ ಸಂಸ್ಥೆಯಿತ್ತು. ಕಲ್ಲಿಕೋಟೆಯಲ್ಲಿ ನಡೆದ ಏಷ್ಯದ ಮಹಿಳೆಯರ ಪಂದ್ಯಾವಳಿಯಲ್ಲಿ ನಮ್ಮ ತಂಡವು 1980ರಲ್ಲಿ ಎರಡನೆಯ ಸ್ಥಾನವನ್ನು ಪಡೆದಿತ್ತು. ಆದರೂ ದಕ್ಷಿಣ ಏಷ್ಯದ ಮಂಡಲಿಯು ಮಹಿಳೆಯರಿಗೆಂದು ಒಂದು ಪಂದ್ಯಾವಳಿಯನ್ನು ಆರಂಭಿಸಿದ್ದು 2010ರಲ್ಲಿ ಮಾತ್ರ. ಗಂಡಸರು ಆಡತೊಡಗಿ ಆಗಲೇ ಹದಿನೇಳು ವರ್ಷಗಳಾಗಿದ್ದವು.

ಮೊದಲನೆಯ ಪಂದ್ಯಾವಳಿಯು ಬಾಂಗ್ಲಾದೇಶದ ಕಾಕ್ಸ್ ಬಜಾರಿನಲ್ಲಿ ನಡೆಯಿತು. ಅಲ್ಲಿ ಭಾರತವು ಭೂತಾನವನ್ನು 18-0ಯಿಂದಲೂ ಬಾಂಗ್ಲಾದೇಶವನ್ನು 6-0ಯಿಂದಲೂ ಸೋಲಿಸಿತು. ಅಂತಿಮ ಪಂದ್ಯದಲ್ಲಿ ನೇಪಾಳವು ಒಂದೇ ಗೋಲಿನಿಂದ ಸೋತಿತು. 2010ರಿಂದ 2019ರ ಪರಿಯಂತರ ನಡೆದ ಐದು ಪಂದ್ಯಾವಳಿಗಳನ್ನೂ ಭಾರತವೇ ಗೆದ್ದಿತು. ನೇಪಾಳದವರದು ಮನ ಕರಗಿಸುವ ಕಥೆ: 2024ರ ವರೆಗೆ ಅವರು ಆರು ಸಲ ಅಂತಿಮ ಪಂದ್ಯಕ್ಕೆ ಬಂದರು, ಆರು ಸಲವೂ ಸೋತರು. 2022ರಲ್ಲಿಯೂ 2024ರಲ್ಲಿಯೂ ಅವರ ಸ್ವಂತ ಕಾಠ್ಮಂಡುವಿನಲ್ಲಿ, ದಶರಥ ಕ್ರೀಡಾಂಗಣದಲ್ಲಿ, ತಮ್ಮ ಜನರ ಕಣ್ಣೆದುರಿನಲ್ಲಿಯೇ ಸೋತರು. ಎರಡು ಸಲವೂ ಗೆದ್ದವರು ಬಾಂಗ್ಲಾದೇಶದ ಹುಡುಗಿಯರು: ಮೊದಲು 3-1ರಿಂದ, ಆಮೇಲೆ 2-1ರಿಂದ. 2022ರಲ್ಲಿ ಅವರು ಗುಂಪಿನ ಪಂದ್ಯದಲ್ಲಿ ಭಾರತವನ್ನೂ 3-0ಯಿಂದ ಸೋಲಿಸಿದ್ದರು.

ಹನ್ನೆರಡು ವರ್ಷಗಳ ಹಿಂದೆ ಆರು ಗೋಲುಗಳಿಂದ ಸೋತವರು ಈಗ ಗೆದ್ದದ್ದು ಹೇಗೆ? ಈ ವಿಷಯದಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಲು ಇಚ್ಛಿಸುತ್ತೇನೆ, ಏಕೆಂದರೆ ಇದು ಶಾಲೆಗೆ ಸಂಬಂಧಪಟ್ಟದ್ದು. ಬಾಂಗ್ಲಾದೇಶದ ಉತ್ತರಕ್ಕೆ ಮೈಮನ್‌ಸಿಂಗ್ ಜಿಲ್ಲೆಯಲ್ಲಿ, ಗಾರೋ ಗುಡ್ಡಗಳ ತಪ್ಪಲಿನಲ್ಲಿ, ಕಲ್‌ಸಿಂದೂರ್ ಎಂಬ ಹಳ್ಳಿಯಿದೆ. 2011ರಲ್ಲಿ ಆ ದೇಶದವರು ಪ್ರಾಥಮಿಕ ಶಾಲೆಗಳ ಬಾಲಿಕೆಯರಿಗಾಗಿ ದೇಶಾದ್ಯಂತ ಒಂದು ಕಾಲ್ಚೆಂಡು ಪಂದ್ಯಾವಳಿಯನ್ನು ಆರಂಭಿಸಿದರು. ಕಲ್‌ಸಿಂದೂರಿನ ಸರಕಾರಿ ಪ್ರಾಥಮಿಕ ಶಾಲೆಯ ಒಬ್ಬ ಉಪಾಧ್ಯಾಯರು ತಮ್ಮ ಹುಡುಗಿಯರನ್ನು ಕೂಡಿಸಿ ಅಭ್ಯಾಸ ಮಾಡಿಸಿದರು. ಬಡ ಕುಟುಂಬಗಳ ಮಕ್ಕಳು. ಹುಡುಗಿಯರು ಚಡ್ಡಿ ತೊಟ್ಟು ಮೈದಾನದಲ್ಲಿ ಓಡುವುದೇ ಎಂದು ಊರಿನಲ್ಲಿ ಆಕ್ಷೇಪಣೆ. ಉಪಾಧ್ಯಾಯರು ತಂದೆತಾಯಿಗಳನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಬೇಕಾಯಿತು. 2013ರಿಂದ ಮೊದಲ್ಗೊಂಡು ಮೂರು ವರ್ಷ ಆ ಶಾಲೆಯೇ ದೇಶಕ್ಕೆ ಮೊದಲನೆಯದಾಗಿ ನಿಂತಿತು. ವಿದ್ಯುದ್ದೀಪವಿಲ್ಲದಿದ್ದ ಆ ಊರಿಗೆ ಈ ಹುಡುಗಿಯರ ದೆಸೆಯಿಂದಲೇ ದೀಪ ಬಂತು.

ಅವರು ಬೆಳೆದಂತೆ ದೇಶದ ಕಿರಿಯರ ತಂಡಗಳಿಗೆ ಆರಿಸಲ್ಪಟ್ಟರು. 2016ರಲ್ಲಿ, ಹದಿನಾರು ವರ್ಷದೊಳಗಿನವರ ಏಷ್ಯದ ಅರ್ಹತಾ ಪಂದ್ಯಗಳನ್ನು ಢಾಕಾದಲ್ಲಿ ಗೆದ್ದ ಮೇಲೆ, ಕಲ್‌ಸಿಂದೂರಿನ ಹುಡುಗಿಯರನ್ನು ಜೊತೆಗೆ ಯಾರೂ ಇಲ್ಲದೆ ಸಾಮಾನ್ಯ ಬಸ್ಸಿನಲ್ಲಿ ಊರಿಗೆ ಕಳುಹಿಸಲಾಯಿತು. ದಾರಿಯಲ್ಲಿ ಕೆಲವು ಪ್ರಯಾಣಿಕರು ಅವರನ್ನು ಹೀನವಾಗಿ ಹಾಸ್ಯ ಮಾಡಿದರು. ದೇಶಕ್ಕೆ ಜಯ ತಂದ ಮಕ್ಕಳು ಕಣ್ಣೀರಿಡುತ್ತ ಮನೆ ಸೇರಿದರು. ಪತ್ರಿಕೆಗಳಲ್ಲಿ ದೊಡ್ಡ ಕೂಗೆದ್ದಿತು. ಆರು ವರ್ಷಗಳ ತರುವಾಯ ಅದೇ ಹುಡುಗಿಯರಲ್ಲಿ ಹಲವರು, ಮಾರಿಯಾ ಮಾಂಡಾ, ಸಂಜಿದಾ ಅಖ್ತರ್ ಮೊದಲಾದವರು, ದಕ್ಷಿಣ ಏಷ್ಯದ ಕಪ್ಪನ್ನು ಹಿಡಿದು ಕಾಠ್ಮಂಡುವಿನಿಂದ ಬಂದಿಳಿದಾಗ, ಢಾಕಾದ ಬೀದಿಗಳಲ್ಲಿ ಮೇಲ್ಛಾವಣಿ ತೆಗೆದ ಬಸ್ಸಿನಲ್ಲಿ ಅವರ ಮೆರವಣಿಗೆ ನಡೆಯಿತು. ಆ 2022ರ ತಂಡದಲ್ಲಿ ಎಂಟು ಮಂದಿ ಆ ಒಂದೇ ಹಳ್ಳಿಯವರು. ನಾಯಕಿಯಾದ ಸಬೀನಾ ಖಾತೂನ್ ಎಂಟು ಗೋಲುಗಳನ್ನು ಹೊಡೆದು ಪಂದ್ಯಾವಳಿಗೆ ಮೊದಲಿಗಳಾದಳು. ಆಕೆ ಮಾತ್ರ ದಕ್ಷಿಣದ ಸಾತ್‌ಖೀರಾ ಜಿಲ್ಲೆಯವಳು.

ಬಾಂಗ್ಲಾದೇಶದ ಅಧಿಕಾರಿಗಳು ಎಲ್ಲವನ್ನೂ ಸರಿಯಾಗಿ ಮಾಡಿದರೆಂದು ನಾನು ಹೇಳುತ್ತಿಲ್ಲ. ಆ ಬಸ್ಸಿನ ಸಂಗತಿಯೇ ಅದಕ್ಕೆ ಸಾಕ್ಷಿ. ಆದರೆ ಹತ್ತು ವರ್ಷದ ಹುಡುಗಿಗೆ ಶಾಲೆಯಲ್ಲಿ ಪಂದ್ಯ, ಹದಿನಾಲ್ಕು ವರ್ಷಕ್ಕೆ ಕಿರಿಯರ ಪಂದ್ಯ, ಇಪ್ಪತ್ತಕ್ಕೆ ನೆರೆಯ ದೇಶಗಳೊಡನೆ ಪಂದ್ಯ, ಹೀಗೆ ಮೆಟ್ಟಲು ಕಡಿಯದೆ ಮುಂದುವರಿದುದರಿಂದ ಅವರು ಮೇಲೆ ಬಂದರು. ದಕ್ಷಿಣ ಏಷ್ಯದ ಮಂಡಲಿಯು ಹದಿನೈದು, ಹದಿನೆಂಟು ಮೊದಲಾದ ವಯಸ್ಸಿನೊಳಗಿನ ಬಾಲೆಯರಿಗೂ ಪಂದ್ಯಾವಳಿಗಳನ್ನು ಏರ್ಪಡಿಸಿದ್ದು ಇದಕ್ಕೆ ಸಹಾಯವಾಯಿತು.

ಮೆಟ್ಟಲು ಕಡಿದರೆ ಏನಾಗುವುದೆಂಬುದಕ್ಕೆ ಪಾಕಿಸ್ತಾನವನ್ನು ನೋಡಬಹುದು. 2014ರಲ್ಲಿ ಮಹಿಳೆಯರ ಪಂದ್ಯಾವಳಿ ಅವರ ಇಸ್ಲಾಮಾಬಾದಿನಲ್ಲಿಯೇ ನಡೆಯಿತು. ಅದಾದ ಮೇಲೆ ಅವರ ಸಂಸ್ಥೆಯೊಳಗೆ ಒಡಕು, ಅಮಾನತು, ಮತ್ತೆ ಅಮಾನತು. ಮಹಿಳಾ ತಂಡವು ಎಂಟು ವರ್ಷಗಳ ಕಾಲ ಒಂದೇ ಒಂದು ಅಂತರರಾಷ್ಟ್ರೀಯ ಪಂದ್ಯವನ್ನೂ ಆಡಲಿಲ್ಲ. ಇಪ್ಪತ್ತು ವರ್ಷದವಳಾಗಿದ್ದ ಆಟಗಾರ್ತಿಗೆ ಇಪ್ಪತ್ತೆಂಟಾಯಿತು. 2022ರಲ್ಲಿ ಕಾಠ್ಮಂಡುವಿಗೆ ಹಿಂದಿರುಗಿದಾಗ ಅವರು ಮಾಲ್ಡೀವ್ಸನ್ನು 7-0ಯಿಂದ ಸೋಲಿಸಿದರು. ಕಳೆದುಹೋದ ಆ ಎಂಟು ವರ್ಷಗಳನ್ನು ಯಾರು ತಂದುಕೊಡುವರು?

ಆಫ್ಘಾನಿಸ್ತಾನದ ಸಂಗತಿ ಇನ್ನೂ ಕಠಿನವಾದದ್ದು. ಅವರ ಹೆಣ್ಣುಮಕ್ಕಳು ಈ ಮಂಡಲಿಯ ಪಂದ್ಯಾವಳಿಗಳಲ್ಲಿ ಆಡಿದವರು. 2012ರಲ್ಲಿ ಕೊಲಂಬೋದಲ್ಲಿ ಉಪಾಂತ್ಯದ ವರೆಗೂ ಬಂದಿದ್ದರು. 2021ನೆಯ ಆಗಸ್ಟಿನಲ್ಲಿ ತಾಲಿಬಾನರು ಅಧಿಕಾರಕ್ಕೆ ಬಂದು ಹೆಂಗಸರ ಆಟಗಳೆಲ್ಲವೂ ನಿಷೇಧಿಸಲ್ಪಟ್ಟಾಗ, ತಂಡದವರಲ್ಲಿ ಅನೇಕರು ಆಸ್ಟ್ರೇಲಿಯದಲ್ಲಿ ಆಶ್ರಯ ಪಡೆದರು. ಅವರು ಅಲ್ಲಿ ಒಟ್ಟಾಗಿ ಆಡಿದರು. ಒಂದೇ ಬಣ್ಣದ ಅಂಗಿಯನ್ನೂ ತೊಟ್ಟರು. ಆದರೂ ಸ್ವದೇಶದ ಸಂಸ್ಥೆಯು ಅವರನ್ನು ತನ್ನವರೆಂದು ಒಪ್ಪದಿದ್ದುದರಿಂದ ಅವರು ‘ಆಫ್ಘಾನಿಸ್ತಾನ’ವಾಗಲಿಲ್ಲ. ನಾನು ಮೇಲೆ ಹೇಳಿದ ನಿಯಮದ ಇನ್ನೊಂದು ಮುಖವಿದು. ಹೊರಗಿನವರ ಕೈಯಿಂದ ಆಟವನ್ನು ಕಾಪಾಡುವುದಕ್ಕೆಂದು ಮಾಡಿದ ನಿಯಮವೇ, ಮನೆಯೊಳಗಿನವರು ಬಾಗಿಲಿಕ್ಕಿದಾಗ ಹುಡುಗಿಯರಿಗೆ ಅಡ್ಡವಾಯಿತು. ನಾಲ್ಕು ವರ್ಷಗಳ ತರುವಾಯ, 2025ರಲ್ಲಿ, ಫಿಫಾ ತಾನೇ ಮುಂದಾಗಿ ನಿರಾಶ್ರಿತ ಆಫ್ಘನ್ ಮಹಿಳೆಯರ ಒಂದು ತಂಡವನ್ನು ಕಟ್ಟಿ ಮೊರಾಕೋ ದೇಶದಲ್ಲಿ ಪಂದ್ಯಗಳನ್ನು ಆಡಿಸಿತು. ನಿಯಮವನ್ನು ಮಾಡಿದವರಿಗೆ ಅದರಲ್ಲಿ ಒಂದು ಕಿಂಡಿ ತೆರೆಯುವುದೂ ಸಾಧ್ಯವೆಂದು ಅದರಿಂದ ಗೊತ್ತಾಯಿತು. ನಾಲ್ಕು ವರ್ಷ ಏಕೆ ಬೇಕಾಯಿತೋ!

ಅದೇ 2025ನೆಯ ಜುಲೈ ತಿಂಗಳಲ್ಲಿ ಈ ಮಂಡಲಿಯ ಎರಡು ಮಹಿಳಾ ತಂಡಗಳು ಆಸ್ಟ್ರೇಲಿಯದ ಏಷ್ಯಾ ಕಪ್ಪಿಗೆ ಅರ್ಹತೆ ಪಡೆದವು. ಜುಲೈ 2ರಂದು ಬಾಂಗ್ಲಾದೇಶವು ಮ್ಯಾನ್ಮಾರನ್ನು ಅವರ ನೆಲದಲ್ಲಿಯೇ 2-1ರಿಂದ ಸೋಲಿಸಿತು. ಎರಡು ಗೋಲುಗಳನ್ನೂ ಹೊಡೆದಾಕೆ ರಾಂಗಾಮಾಟಿ ಗುಡ್ಡಗಾಡಿನ ಋತುಪರ್ಣಾ ಚಾಕ್ಮಾ. ಆ ದೇಶದವರು ಅಷ್ಟು ಮೇಲಕ್ಕೆ ಏರಿದ್ದು ಅದೇ ಮೊದಲು. ಮೂರು ದಿನಗಳ ಮೇಲೆ, ಥಾಯ್ಲೆಂಡಿನ ಚಿಯಾಂಗ್ ಮಾಯ್ ಪಟ್ಟಣದಲ್ಲಿ, ಭಾರತವು ಥಾಯ್ಲೆಂಡನ್ನು ಅದೇ 2-1ರಿಂದ ಗೆದ್ದಿತು. ಅಲ್ಲಿಯೂ ಎರಡು ಗೋಲುಗಳು ಒಬ್ಬಳವೇ: ಬಂಗಾಳದ ಸಂಗೀತಾ ಬಾಸ್‌ಫೋರ್.